ಸತ್ಯವೇದದ ಭಾಷಾಂತರ: ಇಂಗ್ಲೆಂಡಿನಿಂದ ಬಳ್ಳಾರಿಯವರೆಗೆ

ಕೆಲವು ವರ್ಷಗಳ ಹಿಂದೆ ಪರಶುರಾಂಪುರದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಉಪನ್ಯಾಸವನ್ನು ಆರಂಭಿಸಲು ಶ್ರೋತೃಗಳ ಅಪ್ಪಣೆಯನ್ನು ಬೇಡುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಆಂಧ್ರದ ಅನಂತಪುರ ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ಊರು ಅದು. ಅಲ್ಲಿನ ಸಂತೆಯಲ್ಲಿ ನಿಂತರೆ ಒಂದು ಕಿವಿಗೆ ಕನ್ನಡ, ಇನ್ನೊಂದು ಕಿವಿಗೆ ತೆಲುಗು ಬೀಳುತ್ತದೆ. ಮಾರುವವನು ಒಂದು ಭಾಷೆಯಲ್ಲಿ ಬೆಲೆ ಹೇಳಿದರೆ ಕೊಳ್ಳುವವನು ಇನ್ನೊಂದರಲ್ಲಿ ಚೌಕಾಸಿ ಮಾಡುವನು. ಅದರಿಂದ ವ್ಯಾಪಾರಕ್ಕೆ ಯಾವ ತಡೆಯೂ ಇಲ್ಲ. ಅಂತಹ ಊರಿನಲ್ಲಿ ಒಬ್ಬ ವೃದ್ಧ ರೈತನು ಒಂದು ಕಾಗದವನ್ನು ಹಿಡಿದು ನನ್ನ ಬಳಿಗೆ ಬಂದನು. ಯಾವುದೋ ಕಚೇರಿಯಿಂದ ಬಂದ ಪತ್ರ, ಇಂಗ್ಲಿಷಿನಲ್ಲಿತ್ತು. ನಾನು ಓದಿ ಅದರ ಅರ್ಥವನ್ನು ಹೇಳಿದೆನು. ಆತನು ಎಲ್ಲವನ್ನೂ ಕೇಳಿ, ಕಾಗದವನ್ನು ಮಡಿಸಿ ಜೇಬಿಗೆ ಸೇರಿಸುತ್ತ, “ಇದನ್ನ ಅವ್ರೇ ಕನ್ನಡದಾಗೆ ಬರ್ದಿದ್ರೆ ನಿಮ್ಮ ಹಂಗ್ಯಾಕೆ ಬೇಕಿತ್ತು ಸ್ವಾಮಿ?” ಎಂದನು.

ಆ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಆದರೆ ‘ಹಂಗು’ ಎಂಬ ಆ ಒಂದು ಶಬ್ದವು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ನಾನು ಸರಿಯಾಗಿಯೇ ಹೇಳಿದೆನೆಂದು ಆತನು ನಂಬಲೇಬೇಕಾಗಿತ್ತು. ಪರೀಕ್ಷಿಸಿ ನೋಡಲು ಆತನಿಗೆ ಬೇರೆ ದಾರಿಯಿರಲಿಲ್ಲ. ತನಗೆ ಸಂಬಂಧಪಟ್ಟ ಮಾತು ತನಗೆ ತಿಳಿಯದ ಭಾಷೆಯಲ್ಲಿದ್ದಾಗ ಮನುಷ್ಯನು ನಡುವೆ ನಿಂತವನ ಹಂಗಿಗೆ ಬೀಳುತ್ತಾನೆ. ನಡುವಣವನು ಸಜ್ಜನನಾದರೂ ಹಂಗು ಹಂಗೇ. ಹೊಲದ ಕಾಗದದ ವಿಷಯದಲ್ಲಿಯೇ ಹೀಗಾದರೆ, ಇಹಪರಗಳೆರಡೂ ಯಾವ ಗ್ರಂಥವನ್ನು ಅವಲಂಬಿಸಿವೆಯೆಂದು ಜನರು ನಂಬಿರುವರೋ ಅಂತಹ ಗ್ರಂಥದ ವಿಷಯದಲ್ಲಿ ಹೇಗಿರಬೇಡ? ಈ ಹಂಗನ್ನು ಕಳೆಯುವುದಕ್ಕಾಗಿ ಇಂಗ್ಲೆಂಡಿನಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. ಅದೇ ಗ್ರಂಥವು ಮುಂದೆ ಮೂರು ಶತಮಾನಗಳ ತರುವಾಯ ನಮ್ಮ ನೆರೆಯ ಬಳ್ಳಾರಿಯಲ್ಲಿ ಕನ್ನಡವಾಯಿತು. ಈ ಎರಡು ಭಾಷಾಂತರಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡುವುದೇ ಈ ದಿನದ ವಿಷಯ. ಕ್ರೈಸ್ತಮತದ ತತ್ತ್ವಗಳನ್ನು ವಿಮರ್ಶಿಸುವುದು ನನ್ನ ಉದ್ದೇಶವಲ್ಲ. ಒಂದು ಭಾಷೆಯ ಮಾತು ಇನ್ನೊಂದು ಭಾಷೆಗೆ ಇಳಿಯುವಾಗ ಏನು ನಡೆಯುತ್ತದೆ, ಅದಕ್ಕೆ ಯಾರು ಏನು ಬೆಲೆ ಕೊಡುತ್ತಾರೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಬೈಬಲ್ ಗ್ರಂಥದಲ್ಲಿ ಎರಡು ಭಾಗಗಳುಂಟು. ಯೆಹೂದ್ಯರ ಪವಿತ್ರ ಗ್ರಂಥಗಳಾದ ಹಳೆಯ ಒಡಂಬಡಿಕೆಯು ಬಹುಮಟ್ಟಿಗೆ ಹೀಬ್ರೂ ಭಾಷೆಯಲ್ಲಿಯೂ, ಕ್ರಿಸ್ತನ ಚರಿತ್ರೆ ಮತ್ತು ಆತನ ಶಿಷ್ಯರ ಪತ್ರಗಳನ್ನೊಳಗೊಂಡ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿಯೂ ಇವೆ. ಪಶ್ಚಿಮ ಯೂರೋಪಿನಲ್ಲಿ ಸಾವಿರ ವರ್ಷಗಳ ಕಾಲ ಇವೆರಡನ್ನೂ ಓದುತ್ತಿದ್ದುದು ಲ್ಯಾಟಿನ್ ಭಾಷಾಂತರದಲ್ಲಿ. ಆ ಲ್ಯಾಟಿನ್ ಭಾಷಾಂತರವೂ ಹುಟ್ಟಿದಾಗ ಜನರಿಗೆ ತಿಳಿಯಲೆಂದೇ ಹುಟ್ಟಿತು. ಆದರೆ ಕಾಲಕ್ರಮದಲ್ಲಿ ಜನರ ಮಾತು ಬದಲಾಯಿತು, ಗ್ರಂಥದ ಮಾತು ನಿಂತಲ್ಲಿಯೇ ನಿಂತಿತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ರೈತನಿಗೆ ಲ್ಯಾಟಿನ್ ಎಂದರೆ ದೇವಾಲಯದಲ್ಲಿ ಕೇಳಿಬರುವ ಗಂಭೀರವಾದ ಒಂದು ಧ್ವನಿ ಮಾತ್ರ. ಅರ್ಥವನ್ನು ಪಾದ್ರಿಯು ಹೇಳಿದಷ್ಟು ತಿಳಿಯಬೇಕು.

ಆಕ್ಸ್‌ಫರ್ಡಿನ ವಿದ್ವಾಂಸನಾಗಿದ್ದ ಜಾನ್ ವಿಕ್ಲಿಫನು ಇದನ್ನು ಒಪ್ಪಲಿಲ್ಲ. ಧರ್ಮಗ್ರಂಥವು ಪ್ರತಿಯೊಬ್ಬ ಭಕ್ತನ ಸೊತ್ತು, ಆದುದರಿಂದ ಅದು ಅವನ ಮಾತಿನಲ್ಲಿಯೇ ಇರಬೇಕು ಎಂಬುದು ಆತನ ವಾದದ ಸಾರ. ಆತನ ಪ್ರೇರಣೆಯಿಂದ, ಬಹುಶಃ ಬಹುಭಾಗ ಆತನ ಶಿಷ್ಯರ ಕೈಯಿಂದಲೇ, 1380ರ ದಶಕದಲ್ಲಿ ಇಡೀ ಗ್ರಂಥವು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದಿತು. ಮೊದಲನೆಯ ಪಾಠವು ಲ್ಯಾಟಿನ್ನಿನ ವಾಕ್ಯಕ್ರಮವನ್ನೇ ಬಿಗಿಯಾಗಿ ಹಿಡಿದಿದ್ದಿತು. ಕೆಲವೇ ವರ್ಷಗಳಲ್ಲಿ ಅದನ್ನು ತಿದ್ದಿ ಸಹಜವಾದ ಇಂಗ್ಲಿಷಿಗೆ ತಂದರು. ಆಗ ಯೂರೋಪಿನಲ್ಲಿ ಮುದ್ರಣವಿರಲಿಲ್ಲ. ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದಿತು. ಆದರೂ ಇಂದಿಗೆ 250ಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದುಬಂದಿವೆ ಎಂದರೆ ಜನರ ಹಸಿವು ಎಷ್ಟಿತ್ತೆಂಬುದನ್ನು ಊಹಿಸಬಹುದು.

ವಿಕ್ಲಿಫನು 1384ರಲ್ಲಿ ಹಾಸಿಗೆಯ ಮೇಲೆಯೇ ತೀರಿಕೊಂಡನು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1409ರಲ್ಲಿ ಇಂಗ್ಲೆಂಡಿನ ಧರ್ಮಾಧಿಕಾರಿಗಳು ಅನುಮತಿಯಿಲ್ಲದೆ ಧರ್ಮಗ್ರಂಥವನ್ನು ಇಂಗ್ಲಿಷಿಗೆ ತರುವುದನ್ನೂ ಓದುವುದನ್ನೂ ನಿಷೇಧಿಸಿದರು. 1415ರ ಧರ್ಮಸಮ್ಮೇಳನದಲ್ಲಿ ಸತ್ತವನ ಮೇಲೆ ತೀರ್ಪು ಕೊಟ್ಟರು. 1428ರಲ್ಲಿ ಆತನ ಎಲುಬುಗಳನ್ನು ಸಮಾಧಿಯಿಂದ ಅಗೆದು ತೆಗೆದು ಸುಟ್ಟು, ಬೂದಿಯನ್ನು ಲಟರ್‌ವರ್ತ್ ಎಂಬ ಊರಿನ ಬಳಿ ಹರಿಯುವ ಸ್ವಿಫ್ಟ್ ಎಂಬ ಚಿಕ್ಕ ಹೊಳೆಗೆ ಚೆಲ್ಲಿದರು. ಸತ್ತು ನಾಲ್ಕು ದಶಕಗಳಾದ ಮನುಷ್ಯನ ಮೂಳೆಗಳಿಗೆ ಅಧಿಕಾರವು ಹೆದರಿದ್ದೇಕೆ? ನಡುವಣವನ ಹಂಗು ತಪ್ಪಿದರೆ ನಡುವಣವನ ಅಧಿಕಾರವೂ ತಪ್ಪುತ್ತದೆ ಎಂಬ ತಿಳಿವಳಿಕೆಯೇ ಇದಕ್ಕೆ ಬಹುಮಟ್ಟಿಗೆ ಕಾರಣ. ಇದರ ಜೊತೆಗೆ ಇನ್ನೊಂದು ಪ್ರಾಮಾಣಿಕವಾದ ಭಯವೂ ಇದ್ದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಕಲಿಯದವರ ಕೈಗೆ ಗ್ರಂಥ ಸಿಕ್ಕಿದರೆ ಮನಬಂದಂತೆ ಅರ್ಥಮಾಡಿಯಾರು, ಸಮಾಜ ಒಡೆದೀತು ಎಂಬ ಭಯ ಅದು. ಇಂತಹ ಭಯವನ್ನು ನಮ್ಮ ದೇಶದ ಪಂಡಿತರಲ್ಲಿಯೂ ಕಾಣದೆ ಇಲ್ಲ.

ನೂರು ವರ್ಷಗಳ ತರುವಾಯ ವಿಲಿಯಂ ಟಿಂಡೇಲನು ಬಂದನು. ಅಷ್ಟರಲ್ಲಿ ಎರಡು ದೊಡ್ಡ ಬದಲಾವಣೆಗಳಾಗಿದ್ದವು. ಮುದ್ರಣಕಲೆಯು ಯೂರೋಪಿನಲ್ಲೆಲ್ಲ ಹರಡಿದ್ದಿತು; ಗ್ರೀಕ್ ಮೂಲವು ವಿದ್ವಾಂಸರ ಕೈಗೆ ದೊರೆತಿದ್ದಿತು. ಟಿಂಡೇಲನು ಲ್ಯಾಟಿನ್ನಿನ ನೆರಳಿನಿಂದ ಭಾಷಾಂತರಿಸದೆ ಮೂಲಕ್ಕೇ ಹೋದನು. ಇಂಗ್ಲೆಂಡಿನಲ್ಲಿ ಇದಕ್ಕೆ ಸ್ಥಳ ದೊರೆಯದೆ ಜರ್ಮನಿಗೆ ಹೋದನು. 1525ರಲ್ಲಿ ಕೊಲೋನ್ ನಗರದಲ್ಲಿ ಅಚ್ಚು ಆರಂಭವಾಯಿತು. ಅಧಿಕಾರಿಗಳಿಗೆ ಸುಳಿವು ಹತ್ತಿ ಕೆಲಸ ಅರ್ಧಕ್ಕೇ ನಿಂತಿತು. ಅಚ್ಚಾದ ಹಾಳೆಗಳನ್ನೆತ್ತಿಕೊಂಡು ಆತನು ವೋರ್ಮ್ಸ್ ನಗರಕ್ಕೆ ಓಡಿದನು. ಅಲ್ಲಿ 1526ರಲ್ಲಿ ಇಂಗ್ಲಿಷಿನ ಮೊದಲ ಅಚ್ಚಾದ ಹೊಸ ಒಡಂಬಡಿಕೆಯು ಹೊರಬಿದ್ದಿತು. ಕೈಯಲ್ಲಿ ಹಿಡಿದು ಬಚ್ಚಿಡಬಹುದಾದಷ್ಟು ಚಿಕ್ಕ ಪುಸ್ತಕ. ಸರಕಿನ ಮೂಟೆಗಳೊಳಗೆ ಅಡಗಿ ಅದು ಇಂಗ್ಲೆಂಡಿಗೆ ಬಂದಿತು. ಲಂಡನ್ನಿನ ಬಿಷಪ್ಪನು ಸಿಕ್ಕಿದ ಪ್ರತಿಗಳನ್ನೆಲ್ಲ ಸುಡಿಸಿದನು. ಆ ಮೊದಲ ಅಚ್ಚಿನ ಪ್ರತಿಗಳಲ್ಲಿ ಇಂದು ಉಳಿದಿರುವುದು ಮೂರೇ ಮೂರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟಿಂಡೇಲನ ಮೇಲೆ ಹೊರಿಸಿದ ಅಪರಾಧವೇನು? ಆತನ ವಿರೋಧಿಗಳಲ್ಲಿ ಅಗ್ರಗಣ್ಯನೂ ಮಹಾವಿದ್ವಾಂಸನೂ ಆದ ಸರ್ ಥಾಮಸ್ ಮೋರನು ಮುಖ್ಯವಾಗಿ ಕೆಲವು ಶಬ್ದಗಳನ್ನು ಹಿಡಿದು ವಾದಿಸಿದನು. ಮೂಲದ ಒಂದು ಗ್ರೀಕ್ ಶಬ್ದವನ್ನು ರೂಢಿಯಂತೆ ‘ಚರ್ಚ್’ ಎಂದು ಹೇಳದೆ ಟಿಂಡೇಲನು ‘ಕಾಂಗ್ರಿಗೇಷನ್’, ಎಂದರೆ ‘ಕೂಡಿದ ಜನ’, ಎಂದನು. ಪುರೋಹಿತ ಎಂಬ ಅರ್ಥದ ಶಬ್ದವನ್ನು ಬಿಟ್ಟು ‘ಹಿರಿಯ’ ಎಂಬ ಅರ್ಥದ ಶಬ್ದವನ್ನು ಬಳಸಿದನು. ‘ಪ್ರಾಯಶ್ಚಿತ್ತ ಮಾಡು’ ಎಂದಿದ್ದ ಕಡೆ ‘ಮನಸ್ಸನ್ನು ತಿರುಗಿಸಿಕೋ’ ಎಂದನು. ‘ಚ್ಯಾರಿಟಿ’ ಎಂಬ ದೇವಾಲಯದ ಶಬ್ದದ ಸ್ಥಾನದಲ್ಲಿ ‘ಲವ್’ ಎಂಬ ಮನೆಮಾತನ್ನು ಇಟ್ಟನು. ಕೇಳಿದರೆ ನಾಲ್ಕು ಶಬ್ದಗಳ ಜಗಳ. ಆದರೆ ‘ಚರ್ಚ್’ ಎಂದರೆ ಕಟ್ಟಡ, ಅಧಿಕಾರ, ಆಸ್ತಿ, ಶಿಕ್ಷಿಸುವ ಹಕ್ಕು ಎಲ್ಲವೂ ಬರುತ್ತವೆ. ‘ಕೂಡಿದ ಜನ’ ಎಂದರೆ ಬರಿಯ ಜನ ಮಾತ್ರ. ‘ಪ್ರಾಯಶ್ಚಿತ್ತ’ಕ್ಕೆ ವಿಧಿಸುವವನೊಬ್ಬನು ಬೇಕು, ಮನಸ್ಸನ್ನು ತಿರುಗಿಸಿಕೊಳ್ಳುವುದಕ್ಕೆ ತನ್ನ ಹೊರತು ಯಾರೂ ಬೇಕಾಗಿಲ್ಲ. ಒಂದೊಂದು ಶಬ್ದವೂ ಒಂದೊಂದು ವ್ಯವಸ್ಥೆಯ ಬುಡಕ್ಕೆ ಹಾಕಿದ ಮೀಟುಗೋಲಾಯಿತು. ಮೋರನಿಗೆ ಇದು ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಅಷ್ಟು ಕಟುವಾಗಿ ಬರೆದನು. ವಿಚಿತ್ರವೆಂದರೆ, ಅದೇ ದೊರೆಯ ಆಜ್ಞೆಗೆ ಮನಸ್ಸಾಕ್ಷಿಯನ್ನು ಬಗ್ಗಿಸದೆ ಮೋರನೂ 1535ರಲ್ಲಿ ತಲೆಕೊಟ್ಟನು.

ಟಿಂಡೇಲನನ್ನು 1535ರಲ್ಲಿ ಆಂಟ್‌ವರ್ಪ್ ನಗರದಲ್ಲಿ ನಂಬಿಕೆದ್ರೋಹದಿಂದ ಹಿಡಿಸಿದರು. ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿಟ್ಟು, 1536ರಲ್ಲಿ ಬ್ರಸೆಲ್ಸ್ ಬಳಿಯ ವಿಲ್ವೋರ್ಡೆಯಲ್ಲಿ ಕಂಬಕ್ಕೆ ಕಟ್ಟಿ ಕುತ್ತಿಗೆ ಬಿಗಿದು ಕೊಂದು ದೇಹವನ್ನು ಸುಟ್ಟರು. ಆಗ ಆತನಿಗೆ ಸುಮಾರು ನಲವತ್ತೆರಡು ವರ್ಷ. ಹಳೆಯ ಒಡಂಬಡಿಕೆಯ ಕೆಲಸ ಅರ್ಧದಲ್ಲಿತ್ತು. ಅದರ ಹಿಂದಿನ ವರ್ಷವೇ ಮೈಲ್ಸ್ ಕವರ್‌ಡೇಲನು ಇಡೀ ಗ್ರಂಥವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದ್ದನು. 1538ರಲ್ಲಿ, ಟಿಂಡೇಲನು ಸತ್ತ ಎರಡೇ ವರ್ಷಗಳಲ್ಲಿ, ಇಂಗ್ಲಿಷ್ ಬೈಬಲಿನ ಒಂದು ದೊಡ್ಡ ಪ್ರತಿಯನ್ನು ಪ್ರತಿಯೊಂದು ದೇವಾಲಯದಲ್ಲಿಯೂ ಜನರು ಓದುವಂತೆ ಇಡತಕ್ಕದ್ದೆಂದು ಅರಸನ ಸರ್ಕಾರವೇ ಆಜ್ಞೆ ಹೊರಡಿಸಿತು. ಅದಕ್ಕಾಗಿ 1539ರಲ್ಲಿ ಅಚ್ಚಾದ ‘ಮಹಾ ಬೈಬಲ್’ನಲ್ಲಿದ್ದ ಮಾತುಗಳು ಬಹುಪಾಲು ಟಿಂಡೇಲನವೇ. 1611ರಲ್ಲಿ ಐವತ್ತರ ಹತ್ತಿರ ಹತ್ತಿರ ವಿದ್ವಾಂಸರು ಸೇರಿ ಸಿದ್ಧಪಡಿಸಿದ ಜೇಮ್ಸ್ ದೊರೆಯ ಕಾಲದ ಪ್ರಸಿದ್ಧ ಭಾಷಾಂತರದಲ್ಲಿಯೂ, ವಿಶೇಷವಾಗಿ ಹೊಸ ಒಡಂಬಡಿಕೆಯಲ್ಲಿ, ಆತನ ವಾಕ್ಯಗಳೇ ಉಳಿದುಬಂದವು. ಕಟ್ಟಕಡೆಗೆ ರೋಮಿನ ಮತಕ್ಕೆ ಸೇರಿದ ಇಂಗ್ಲಿಷರೂ ತಮ್ಮದೇ ಒಂದು ಇಂಗ್ಲಿಷ್ ಭಾಷಾಂತರವನ್ನು 1582ರಿಂದ 1610ರೊಳಗೆ ಹೊರತಂದರು. ಭಾಷಾಂತರವು ಬೇಕೇ ಬೇಡವೇ ಎಂಬ ವಾದವೇ ಮುಗಿಯಿತು; ಯಾವ ಭಾಷಾಂತರವು ಸರಿ ಎಂಬ ವಾದ ಮಾತ್ರ ಉಳಿಯಿತು.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಪರಶುರಾಂಪುರದ ಬಳಿ ವೇದಾವತಿ ನದಿ ಹರಿಯುತ್ತದೆ. ಅದೇ ನದಿಯು ಗಡಿ ದಾಟಿ, ಮುಂದೆ ಬಳ್ಳಾರಿ ಸೀಮೆಯಲ್ಲಿ ಹಗರಿ ಎಂಬ ಹೆಸರಿನಿಂದ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಆ ಬಳ್ಳಾರಿಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕುಂಪಣಿಯ ಕೈಗೆ ಬಂದಿತು. ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಅಲ್ಲಿಗೆ ಬಂದು ನೆಲೆಸಿದನು. ಆತನು ಹೋಗಬೇಕೆಂದಿದ್ದುದು ಶ್ರೀರಂಗಪಟ್ಟಣಕ್ಕೆ. ಅದಕ್ಕೆ ಅನುಮತಿ ಸಿಕ್ಕಲಿಲ್ಲ. ಆ ಕಾಲದಲ್ಲಿ ಕುಂಪಣಿಯವರು ಮಿಷನರಿಗಳನ್ನು ಸಂಶಯದಿಂದ ನೋಡುತ್ತಿದ್ದರು. ಮತದ ವಿಷಯದಲ್ಲಿ ಜನರು ಕೆರಳಿದರೆ ವ್ಯಾಪಾರಕ್ಕೂ ಆಳ್ವಿಕೆಗೂ ಕೇಡು ಎಂಬುದು ಅವರ ಲೆಕ್ಕ. 1813ರ ಸನ್ನದಿನ ತರುವಾಯವೇ ಮಿಷನರಿಗಳಿಗೆ ಬಾಗಿಲು ಸರಾಗವಾಗಿ ತೆರೆಯಿತು.

ಹ್ಯಾಂಡ್ಸ್ ಬಂದಾಗ ಕನ್ನಡವನ್ನು ಕಲಿಯಲು ಪರದೇಶೀಯನಿಗೆ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವು ಓಲೆಗರಿಯಲ್ಲಿತ್ತು. ಅದು ಹಳಗನ್ನಡದ ವ್ಯಾಕರಣ. ಬೀದಿಯ ಮಾತಿಗೂ ಕಾವ್ಯದ ಮಾತಿಗೂ ನಡುವೆ ಹಗರಿಯ ಹರವಿನಷ್ಟು ಅಂತರ. ಕಾವ್ಯಕ್ಕೆ ಷಟ್ಪದಿ, ಸಾಂಗತ್ಯಗಳಿದ್ದವು. ಭಕ್ತಿಗೆ ವಚನಗಳೂ ಕೀರ್ತನೆಗಳೂ ಇದ್ದವು. ಲೆಕ್ಕಪತ್ರಗಳಿಗೆ ಶಾನುಭೋಗರ ಕಡತದ ಮಾತಿದ್ದಿತು. ಆದರೆ ಚರಿತ್ರೆ, ಪತ್ರ, ದೃಷ್ಟಾಂತಕಥೆ, ನ್ಯಾಯವಿಧಿ, ಸ್ತೋತ್ರ ಇವೆಲ್ಲವನ್ನೂ ಒಂದೇ ಗ್ರಂಥದಲ್ಲಿ ಹೇಳಬಲ್ಲ, ಎಲ್ಲರೂ ಓದಿದರೆ ತಿಳಿಯಬಲ್ಲ ಹೊಸಗನ್ನಡ ಗದ್ಯವು ಇನ್ನೂ ಗಟ್ಟಿಯಾಗಿ ನಿಂತಿರಲಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ಬರೆದುದು 1823ರಲ್ಲಿ. ಬಳ್ಳಾರಿಯಲ್ಲಿ ಹೊಸ ಒಡಂಬಡಿಕೆಯ ಕನ್ನಡವು ಅಚ್ಚಿಗೆ ಸಿದ್ಧವಾಗುತ್ತಿದ್ದುದೂ ಅದೇ ಕಾಲದಲ್ಲಿ. ಒಂದು ಅರಮನೆಯ ನೆರಳಿನ ಗದ್ಯ, ಇನ್ನೊಂದು ಪರದೇಶೀಯನು ತಡವರಿಸಿ ಕಟ್ಟಿದ ಗದ್ಯ. ಎರಡೂ ಪರಸ್ಪರ ಪರಿಚಯವಿಲ್ಲದೆ ಒಂದೇ ದಾರಿಯನ್ನು ಹುಡುಕುತ್ತಿದ್ದವು.

ಅದೇ ವೇಳೆಗೆ ದೂರದ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯು ಭಾರತದ ಅನೇಕ ಭಾಷೆಗಳಿಗೆ ಭಾಷಾಂತರ ಮಾಡಿಸುವ ಕೆಲಸದಲ್ಲಿ ತೊಡಗಿದ್ದನು. 1812ರಲ್ಲಿ ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಲವು ಭಾಷೆಗಳ ಅಚ್ಚಿನ ಮೊಳೆಗಳೂ ಬರೆದಿಟ್ಟ ಹಾಳೆಗಳೂ ನಾಶವಾದವು. ಆತನು ಮರಳಿ ಆರಂಭಿಸಿದನು. ಆತನ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾಯಿತು. ಆದರೆ ಜನರ ನಡುವೆಯೇ ಕುಳಿತು, ಜನರ ಮಾತನ್ನು ಕೇಳಿ ಕೇಳಿ ಭಾಷಾಂತರಿಸುವ ಅನುಕೂಲವು ಬಳ್ಳಾರಿಯವರಿಗೆ ಇದ್ದಿತು. ಹ್ಯಾಂಡ್ಸ್‌ನಿಗೆ 1816ರಲ್ಲಿ ಬಂದ ವಿಲಿಯಂ ರೀವ್ ಜೊತೆಯಾದನು. ಮೊದಲು ಸುವಾರ್ತೆಗಳು, ಅನಂತರ ಹೊಸ ಒಡಂಬಡಿಕೆ, ಕಡೆಯಲ್ಲಿ ಹಳೆಯ ಒಡಂಬಡಿಕೆ, ಹೀಗೆ ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯಿಂದ, 1831ರ ಹೊತ್ತಿಗೆ ಇಡೀ ಗ್ರಂಥವು ಕನ್ನಡದಲ್ಲಿ ದೊರೆಯುವಂತಾಯಿತು. ಈ ಶ್ರಮದ ಬದಿಯಲ್ಲಿಯೇ ರೀವ್‌ನ ನಿಘಂಟುಗಳು ಬೆಳೆದವು: ಇಂಗ್ಲಿಷ್–ಕನ್ನಡದ್ದು 1824ರಲ್ಲಿ, ಕನ್ನಡ–ಇಂಗ್ಲಿಷಿನದು 1832ರಲ್ಲಿ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಹ್ಯಾಂಡ್ಸ್, ರೀವ್ ಎಂಬ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಆದರೆ ದಿನದಿನವೂ ಚಾಪೆಯ ಮೇಲೆ ಕುಳಿತು, “ಹೀಗೆ ಹೇಳಿದರೆ ಕನ್ನಡವಾಗುವುದಿಲ್ಲ, ಹೀಗೆ ಹೇಳಬೇಕು” ಎಂದು ತಿದ್ದಿದ ಪಂಡಿತರೂ ಮುನ್ಷಿಗಳೂ ಇಲ್ಲದೆ ಇಂತಹ ಕೆಲಸವು ಯಾವ ಭಾಷೆಯಲ್ಲಿಯೂ ಆಗಿಲ್ಲ. ತಮ್ಮದಲ್ಲದ ಮತದ ಗ್ರಂಥಕ್ಕೆ ತಮ್ಮ ಭಾಷೆಯ ಸೊಗಸನ್ನು ಸಂಬಳಕ್ಕಾಗಿಯೋ ವಿದ್ಯೆಯ ಮೇಲಣ ಅಕ್ಕರೆಗಾಗಿಯೋ ಅವರು ಕೊಟ್ಟರು. ಆ ಋಣವನ್ನು ನೆನೆಯದೆ ಈ ಕಥೆಯನ್ನು ಮುಂದುವರಿಸುವುದು ನ್ಯಾಯವಲ್ಲ.

ಭಾಷಾಂತರಕಾರನ ಕಷ್ಟವೇನೆಂಬುದನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ಮೊದಲನೆಯದು ವಾಕ್ಯದ ರಚನೆ. ಗ್ರೀಕ್, ಇಂಗ್ಲಿಷ್ ಭಾಷೆಗಳಲ್ಲಿ ಮುಖ್ಯವಾದ ಮಾತನ್ನು ಮೊದಲು ಹೇಳಿ, ಅದಕ್ಕೆ ಸಂಬಂಧಿಸಿದ ವಿವರಗಳನ್ನು ಒಂದರ ಹಿಂದೊಂದಾಗಿ ಜೋಡಿಸುತ್ತ ಹೋಗಬಹುದು. ಕನ್ನಡದಲ್ಲಿ ವಿವರಗಳೆಲ್ಲ ಮೊದಲು ಬಂದು ಕ್ರಿಯಾಪದವು ಕಡೆಗೆ ಬರಬೇಕು. ಮೂಲದ ಉದ್ದನೆಯ ವಾಕ್ಯವನ್ನು ಹಾಗೆಯೇ ತಿರುಗಿಸಿದರೆ ಓದುಗನು ಕ್ರಿಯಾಪದಕ್ಕಾಗಿ ಕಾದು ಕಾದು ಸೋಲುವನು. ‘ಇವನಿಂದ ಅದು ಮಾಡಲ್ಪಟ್ಟಿತು’ ಎಂಬ ಬಗೆಯ ಕರ್ಮಣಿಪ್ರಯೋಗವೂ ಹಾಗೆಯೇ. ಕನ್ನಡಿಗನ ಬಾಯಿಗೆ ಅದು ಸಹಜವಲ್ಲ. ಮೊದಲ ಭಾಷಾಂತರಗಳಲ್ಲಿ ಇಂತಹ ತೊಡಕುಗಳು ಹೇರಳವಾಗಿದ್ದವು. ‘ಪಾದ್ರಿಗಳ ಕನ್ನಡ’ ಎಂದು ನಕ್ಕವರುಂಟು. ಆ ನಗೆಯು ಪೂರ್ತಿಯಾಗಿ ಅನ್ಯಾಯವೆಂದೂ ಹೇಳಲಾಗದು.

ಎರಡನೆಯದು ಮರ್ಯಾದೆಯ ಮಾತು. ಇಂಗ್ಲಿಷಿನಲ್ಲಿ ‘ಹೀ’ ಎಂಬ ಒಂದೇ ಶಬ್ದವು ದೇವರಿಗೂ ಸಾಕು, ಕಳ್ಳನಿಗೂ ಸಾಕು. ಕನ್ನಡದಲ್ಲಿ ಅವನು, ಆತನು, ಅವರು ಎಂದು ಮೂರು ಮೆಟ್ಟಿಲುಗಳಿವೆ. ಕ್ರಿಸ್ತನನ್ನು ಹೇಗೆ ಕರೆಯಬೇಕು? ‘ಅವನು’ ಎಂದರೆ ಅಗೌರವ. ‘ಅವರು’ ಎಂದರೆ ಒಬ್ಬನೇ ದೇವರೆಂಬ ಮತಕ್ಕೆ ಬಹುವಚನವು ಒಗ್ಗದು. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಸತ್ಯವೇದವು ದೇವರಿಗೂ ಕ್ರಿಸ್ತನಿಗೂ ‘ಆತನು’ ಎಂಬ ನಡುವಣ ಮೆಟ್ಟಿಲನ್ನು ಮೀಸಲಾಗಿಟ್ಟು, ಉಳಿದವರಿಗೆ ‘ಅವನು’ ಎಂದಿತು. ಮೂಲದಲ್ಲಿಲ್ಲದ ಒಂದು ಭೇದವು ಕನ್ನಡದಲ್ಲಿ ಹುಟ್ಟಿತು. ಪರಶುರಾಂಪುರದ ಸಂತೆಯಲ್ಲಿ ಕೇಳಿಬರುವ ತೆಲುಗಿನಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಅವನನ್ನು ಬಿಟ್ಟರೆ ‘ಮೇಮು’. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ನಿದ್ರಿಸುತ್ತಿದ್ದ ಕ್ರಿಸ್ತನನ್ನು ಶಿಷ್ಯರು ಎಬ್ಬಿಸಿ, ನಾವು ಸಾಯುತ್ತೇವೆ ಎಂದು ಕೂಗಿಕೊಂಡ ಕಥೆಯುಂಟಷ್ಟೆ. ಆ ‘ನಾವು’ ಎಂಬುದರಲ್ಲಿ ಗುರುವೂ ಸೇರಿದನೋ ಇಲ್ಲವೋ? ಗ್ರೀಕ್ ಮೂಲವು ಹೇಳುವುದಿಲ್ಲ, ಕನ್ನಡವೂ ಕೇಳುವುದಿಲ್ಲ. ತೆಲುಗಿನ ಭಾಷಾಂತರಕಾರನು ಮಾತ್ರ ನಿರ್ಧರಿಸಲೇಬೇಕು. ಆ ಒಂದು ಶಬ್ದದಲ್ಲಿ ಶಿಷ್ಯರ ಭಕ್ತಿಯ ಅಳತೆಯೇ ಅಡಗಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಶಬ್ದಗಳ ಆಯ್ಕೆ. ಹೊಸ ಮತವು ಹಳೆಯ ಭಾಷೆಯನ್ನು ಹೊಕ್ಕಾಗ ಬರಿಗೈಯಲ್ಲಿ ಬರುತ್ತದೆ. ಮನೆಯಲ್ಲಿದ್ದ ಪಾತ್ರೆಗಳನ್ನೇ ತೆಗೆದುಕೊಳ್ಳಬೇಕಾಗುತ್ತದೆ. ಈಗಲೂ ಬಳಕೆಯಲ್ಲಿರುವ ಕನ್ನಡ ಸತ್ಯವೇದವನ್ನು ತೆರೆದು ನೋಡಿರಿ. ಗ್ರಂಥದ ಹೆಸರಿನಲ್ಲಿಯೇ ‘ವೇದ’ವಿದೆ. ಕ್ರೈಸ್ತರಾಗುವಾಗ ನಡೆಯುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ವೆಂದು ಹೆಸರು, ದೀಕ್ಷೆಯು ನಮ್ಮ ಜೈನರಿಗೂ ವೀರಶೈವರಿಗೂ ಶತಮಾನಗಳಿಂದ ಪರಿಚಿತವಾದ ಮಾತು. ಕೃಪೆ, ಪಾಪ, ಪರಲೋಕ, ಭಕ್ತ ಇವೆಲ್ಲ ನಮ್ಮ ಮಠಗಳಲ್ಲಿಯೂ ಬಸದಿಗಳಲ್ಲಿಯೂ ಹದಗೊಂಡ ಶಬ್ದಗಳು. ಅವುಗಳ ಜೊತೆಗೆ ‘ಒಡಂಬಡಿಕೆ’ ಎಂಬ ಅಚ್ಚಗನ್ನಡದ ಮಾತು. ದೇವರಿಗೂ ಜನರಿಗೂ ನಡುವೆ ಆದ ಕರಾರಿಗೆ, ಸಾಲಗಾರನಿಗೂ ಸಾಹುಕಾರನಿಗೂ ನಡುವೆ ನಡೆಯುವ ಮಾತನ್ನೇ ಎತ್ತಿ ಇಟ್ಟರು. ಅದು ಎಷ್ಟು ಚೆನ್ನಾಗಿ ಕುಳಿತಿತೆಂದರೆ ಇಂದು ಬೇರೆ ಮಾತನ್ನು ಊಹಿಸುವುದೇ ಕಷ್ಟ.

ಚಳ್ಳಕೆರೆಯ ಬಯಲಿನಲ್ಲಿ ಕುಳಿತು ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆ ಗ್ರಂಥದ ನಾಡು ಮಳೆ ಕಡಮೆಯಾದ ನಾಡು. ಕುರಿಮಂದೆ, ಬಾವಿ, ಮುಳ್ಳುಗಿಡ, ಬರಗಾಲ, ಕಣದಲ್ಲಿ ಕಾಳನ್ನು ತೂರುವ ಮೊರ, ಹಾರಿಹೋಗುವ ಹೊಟ್ಟು ಇವೇ ಅದರ ಉಪಮೆಗಳು. ಹಸುರು ಹುಲ್ಲಿನ ಇಂಗ್ಲೆಂಡಿನವನಿಗಿಂತ ಕಂಬಳಿಯ ಸೀಮೆಯಾದ ಚಳ್ಳಕೆರೆಯವನಿಗೆ ಇವು ಹೆಚ್ಚು ಹತ್ತಿರ. ಕ್ರಿಸ್ತನು ತನ್ನನ್ನು ಮಂದೆ ಕಾಯುವವನಿಗೆ ಹೋಲಿಸಿಕೊಂಡ ಕಡೆ ಕನ್ನಡ ಸತ್ಯವೇದದಲ್ಲಿ ‘ಕುರುಬ’ ಎಂಬ ಮಾತಿದೆ. ಹೆಗಲಿಗೆ ಕಂಬಳಿ ಹಾಕಿ, ಕೈಯಲ್ಲಿ ಕೋಲು ಹಿಡಿದು, ಮೇವನ್ನು ಹುಡುಕುತ್ತ ಊರೂರು ಅಲೆಯುವವನನ್ನು ದಿನವೂ ಕಾಣುವ ಓದುಗನಿಗೆ ಆ ಮಾತಿಗೆ ಟಿಪ್ಪಣಿ ಬೇಕಾಗಿಲ್ಲ.

ಈಗ ಟಿಂಡೇಲನ ಆ ನಾಲ್ಕು ಶಬ್ದಗಳನ್ನು ಮತ್ತೆ ನೆನಪಿಗೆ ತಂದುಕೊಳ್ಳೋಣ. ಕನ್ನಡ ಸತ್ಯವೇದದಲ್ಲಿ ‘ಚರ್ಚ್’ ಎಂಬುದಕ್ಕೆ ಬಂದಿರುವ ಶಬ್ದ ‘ಸಭೆ’, ಎಂದರೆ ಕೂಡಿದ ಜನ. ಪುರೋಹಿತನ ಸ್ಥಾನದಲ್ಲಿ ಬಂದಿರುವುದು ‘ಸಭೆಯ ಹಿರಿಯರು’. ಪ್ರಾಯಶ್ಚಿತ್ತ ಎಂಬ ಕಡೆ ‘ತಿರುಗಿಕೊಳ್ಳಿರಿ’ ಎಂಬ ಮಾತಿದೆ. ‘ಚ್ಯಾರಿಟಿ’ಯ ಕಡೆ ‘ಪ್ರೀತಿ’ ಇದೆ. 1536ರಲ್ಲಿ ಯಾವ ಶಬ್ದಗಳಿಗಾಗಿ ಒಬ್ಬ ಮನುಷ್ಯನನ್ನು ಕೊಂದರೋ ಅವೇ ಶಬ್ದಗಳ ಅರ್ಥವು ಕನ್ನಡದಲ್ಲಿ ಯಾವ ಗದ್ದಲವೂ ಇಲ್ಲದೆ ಅಚ್ಚಾಗಿ, ಇಂದು ಹಳ್ಳಿಯ ಪ್ರಾರ್ಥನೆಯಲ್ಲಿ ಸಾಮಾನ್ಯವಾದ ಮಾತಾಗಿ ಕೇಳಿಬರುತ್ತಿದೆ. ಓದುವವನಿಗೆ ಅವುಗಳ ಬೆಲೆ ತಿಳಿಯದು. ಕೊಂಡವರು ಬೇರೆಯವರು, ನಮಗೆ ಅವು ಬಳುವಳಿಯಾಗಿ ಬಂದವು.

ಎರಡು ಭಾಷಾಂತರಗಳಿಗೂ ಇರುವ ಭೇದವನ್ನೂ ಮುಚ್ಚಿಡಬಾರದು. ವಿಕ್ಲಿಫ್, ಟಿಂಡೇಲರು ತಮ್ಮ ಜನಕ್ಕೆ ತಮ್ಮ ಮತದ ಗ್ರಂಥವನ್ನು ತಮ್ಮ ತಾಯಿನುಡಿಯಲ್ಲಿ ಕೊಟ್ಟರು. ಅಧಿಕಾರವು ಅವರಿಗೆ ಎದುರಾಗಿತ್ತು. ಹ್ಯಾಂಡ್ಸ್ ಮತ್ತು ಆತನ ಸಂಗಡಿಗರು ಹೊರಗಿನಿಂದ ಬಂದವರು. ಮತಪ್ರಚಾರವೇ ಅವರ ಉದ್ದೇಶ. ಮೊದಮೊದಲು ಕುಂಪಣಿಯ ಸಂಶಯವಿದ್ದರೂ, ಆಳುವವರ ಕುಲಕ್ಕೆ ಸೇರಿದವರೆಂಬ ಬಲವು ಅವರ ಬೆನ್ನಿಗಿತ್ತು. ಆದುದರಿಂದ ಟಿಂಡೇಲನ ವಾಕ್ಯವು ಒಂದೇ ಪೀಳಿಗೆಯಲ್ಲಿ ಇಂಗ್ಲಿಷರ ನಾಲಗೆಗೆ ಹತ್ತಿತು. ಬಳ್ಳಾರಿಯ ವಾಕ್ಯವು ಪದೇ ಪದೇ ತಿದ್ದುಪಡಿಯನ್ನು ಬೇಡಿತು. ಬಳ್ಳಾರಿಯ ಭಾಷಾಂತರವನ್ನು ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ವೈಗ್ಲೆ ಮೊದಲಾದವರೂ, ಬೆಂಗಳೂರಿನಲ್ಲಿದ್ದ ಬೆಂಜಮಿನ್ ಹೋಲ್ಟ್ ರೈಸ್ ಪಾದ್ರಿಯೂ ಹತ್ತೊಂಬತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ಬಹುವಾಗಿ ತಿದ್ದಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ತಿದ್ದುಪಡಿಗಳಾದವು. ಕನ್ನಡಿಗರೇ ಲೇಖನಿ ಹಿಡಿದು, ಈ ಕಾಲದ ಕನ್ನಡದಲ್ಲಿ ಹೊಸ ಭಾಷಾಂತರಗಳನ್ನು ಮಾಡಿದರು. ಭಾಷಾಂತರಕ್ಕೆ ಕೊನೆಯ ಪುಟವೆಂಬುದಿಲ್ಲ.

ಈ ತಿದ್ದುಪಡಿಯ ಹಟದಿಂದ ಕನ್ನಡಕ್ಕೆ ಒಂದು ಅನಿರೀಕ್ಷಿತವಾದ ಲಾಭವಾಯಿತು. ನಿಜವಾದ ಕನ್ನಡ ಯಾವುದು ಎಂದು ತಿಳಿಯುವುದಕ್ಕಾಗಿ ಈ ಪಾದ್ರಿಗಳು ಹಳೆಯ ಗ್ರಂಥಗಳ ಬಾಗಿಲನ್ನು ತಟ್ಟಿದರು. ಹರ್ಮನ್ ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದನು, ಮಾರನೆಯ ವರ್ಷ ಅದರ ಅಚ್ಚಿನ ಕೆಲಸವು ಬಳ್ಳಾರಿಗೆ ಬಂದಿತು. ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನು ಆತನು ಅಚ್ಚುಹಾಕಿಸಿದನು. ಫರ್ಡಿನೆಂಡ್ ಕಿಟ್ಟೆಲನು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, ಕಡೆಗೆ 1894ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದನು. ಕಲಿಸಲು ಬಂದವರು ಕಲಿಯಲು ಕುಳಿತರು. ಕೊಡಲು ಬಂದವರು ಪಡೆದುಕೊಂಡರು. ಪಡೆದುದನ್ನು ಬಡ್ಡಿಸಹಿತ ಹಿಂದಿರುಗಿಸಿದರು.

ಈ ಕಥೆಯ ಒಂದು ಎಳೆಯು ಮೊಳಕಾಲ್ಮೂರು ತಾಲ್ಲೂಕಿಗೇ ಬಂದು ಸೇರುತ್ತದೆ. ಸತ್ಯವೇದದ ಕನ್ನಡವನ್ನು ತಿದ್ದಿದ ರೈಸ್ ಪಾದ್ರಿಗೆ 1837ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಮಗನು ಹುಟ್ಟಿದನು. ಆತನೇ ಮೈಸೂರಿನ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ. ಎಲ್. ರೈಸ್. ಕನ್ನಡದ ಧ್ವನಿಯ ನಡುವೆ ಬೆಳೆದ ಆತನು 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದನು. ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಬಂದ ಆ ಧರ್ಮಸಂದೇಶವನ್ನು ಅಶೋಕನು ಪಂಡಿತರ ಸಂಸ್ಕೃತದಲ್ಲಿ ಬರೆಯಿಸದೆ ಆಡುಮಾತಿನ ಪ್ರಾಕೃತದಲ್ಲಿ ಬರೆಯಿಸಿದನು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಈ ಪ್ರಯತ್ನ ಸಾಧ್ಯವೆಂಬುದು ಅದರ ತಾತ್ಪರ್ಯ. ಧರ್ಮದ ಮಾತು ಜನರ ಮಾತಿನಲ್ಲಿರಬೇಕೆಂಬ ಯೋಚನೆಯು ನಮ್ಮ ಈ ಕಲ್ಲುಗುಡ್ಡಗಳಿಗೆ ಹೊಸದಲ್ಲ. ಮುಂದೆ ಹನ್ನೆರಡನೆಯ ಶತಮಾನದ ಶರಣರೂ, ಅವರ ತರುವಾಯ ಹರಿದಾಸರೂ ಇದೇ ದಾರಿಯಲ್ಲಿ ನಡೆದರು.

ಹಾಗಾದರೆ ಈ ಭಾಷಾಂತರಗಳನ್ನು ನಾವು ನೆನೆಯುವುದೇಕೆ? ಕ್ರೈಸ್ತರಾದವರು ಭಕ್ತಿಯಿಂದ ನೆನೆಯಬಹುದು. ಅದು ಅವರ ಹಕ್ಕು. ಉಳಿದವರಿಗೂ ನೆನೆಯಲು ಕಾರಣವುಂಟು. ಭಾಷೆಯೊಂದು ‘ಈ ಮಾತು ನನ್ನಿಂದ ಆಗದು’ ಎಂದು ಕೈಚೆಲ್ಲುವುದಿಲ್ಲ; ಕೈಚೆಲ್ಲುವವರು ಅದನ್ನಾಡುವವರು. ಟಿಂಡೇಲನ ಕಾಲದಲ್ಲಿ ಇಂಗ್ಲಿಷು ಒರಟು ಮಾತೆಂದೂ, ದೇವರ ವಿಷಯವನ್ನು ಹೇಳಲು ಯೋಗ್ಯವಲ್ಲವೆಂದೂ ಹೇಳಿದ ವಿದ್ವಾಂಸರಿದ್ದರು. ಇಂದು ನಾವು ಅದೇ ಇಂಗ್ಲಿಷನ್ನು ಮುಂದಿಟ್ಟುಕೊಂಡು, ವೈದ್ಯವನ್ನು, ನ್ಯಾಯವನ್ನು, ವಿಜ್ಞಾನವನ್ನು ಹೇಳಲು ಕನ್ನಡವು ಯೋಗ್ಯವಲ್ಲವೆಂದು ಹೇಳುತ್ತಿದ್ದೇವೆ. ನಗರದಲ್ಲಿ ವಿದ್ಯೆ ಕಲಿತ ನಾವೆಲ್ಲರೂ ನಡುವಣವರಾಗಿ ನಿಂತಿದ್ದೇವೆ. ಆ ಸ್ಥಾನವು ಸುಖವಾದುದು. ಬಿಟ್ಟುಕೊಡಲು ಮನಸ್ಸು ಬಾರದು. ವಿಕ್ಲಿಫನ ಎಲುಬುಗಳನ್ನು ಅಗೆದವರಲ್ಲಿಯೂ ಕೆಟ್ಟವರಲ್ಲದವರು ಹಲವರು ಇದ್ದಿರಬೇಕು. ಸುಖವಾದ ಸ್ಥಾನವನ್ನು ಬಿಟ್ಟುಕೊಡಲಾರದವರು ಅವರು.

ಪರಶುರಾಂಪುರದ ಆ ವೃದ್ಧನು ನನಗೆ ಕೈಮುಗಿದು ಹೋದನು. ಆತನು ಕೇಳಿದ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಿಲ್ಲ. ಉತ್ತರವು ಬಾಯಿಮಾತಿನಲ್ಲಿ ಕೊಡತಕ್ಕದ್ದಲ್ಲ. ನಮ್ಮ ನಮ್ಮ ಕೆಲಸದಲ್ಲಿ ಒಂದು ಕಾಗದವನ್ನು, ಒಂದು ಪುಸ್ತಕವನ್ನು, ಒಂದು ವಿದ್ಯೆಯನ್ನು ಓದುವವನ ಮಾತಿನಲ್ಲಿ ಬರೆದುಕೊಟ್ಟಾಗ ಆ ಪ್ರಶ್ನೆಗೆ ಅಷ್ಟರಮಟ್ಟಿಗೆ ಉತ್ತರ ಕೊಟ್ಟಂತಾಗುತ್ತದೆ.